ಅಡಿಕೆ ಮಂಡಿಯಲ್ಲಿ ನಾಲ್ಕು ಗಂಟೆ ನಿಲ್ಲುವ ಗಾಡಿಗೆ ಒಂದು ಪ್ಲಗ್ ಪಾಯಿಂಟ್ ಬೇಕು

ತೀರ್ಥಹಳ್ಳಿ ಲಾರಿ ಮನೆ:

ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಗಾಡಿ ಇದೆ. ಒಂದು ಆರು ಚಕ್ರದ ಲಾರಿ, ಒಂದು ಚಿಕ್ಕ ಗೂಡ್ಸ್ ಗಾಡಿ. ಹೋದ ವರ್ಷ ಚಿಕ್ಕದು ಎಫ್‌ಸಿಗೆ, ಅಂದರೆ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್ ಮಾಡಿಸುವುದಕ್ಕೆ, ಬಂತು. ಅದಕ್ಕೆ ಮತ್ತೆ ದುಡ್ಡು ಸುರಿಯಲು ಮನಸ್ಸಾಗಲಿಲ್ಲ. ಮಾರಿ ಎಲೆಕ್ಟ್ರಿಕ್ ಗಾಡಿ ತಂದೆ. ಒಂದು ಟನ್ ಹೊರುತ್ತದೆ. ಹಸಿರು ಬೋರ್ಡು, ಹಳದಿ ಅಕ್ಷರ. ಮೊದಲ ವಾರ ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಇದು ಚಡಾವು ಹತ್ತುತ್ತಾ?"

ಹತ್ತುತ್ತದೆ. ಲೋಡು ಹಾಕಿಕೊಂಡೇ ಹತ್ತುತ್ತದೆ, ಗೇರ್ ಬದಲಿಸುವ ಒದ್ದಾಟವೂ ಇಲ್ಲ. ತೊಂದರೆ ಇರುವುದು ಮಂಡಿಯಲ್ಲಿ.

ನನ್ನ ದಿನ ಹೇಗೆ ಅಂದರೆ, ಬೆಳಗ್ಗೆ ಆರಕ್ಕೆ ಎರಡು ಮೂರು ಮನೆಗಳಿಂದ ಅಡಿಕೆ ಚೀಲ ತುಂಬಿಕೊಂಡು ಹೊರಡುತ್ತೇನೆ. ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗ. ಅರವತ್ತು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಬ್ಯಾಟರಿ 21 ಯೂನಿಟ್‌ನದ್ದು. ಕಾಗದದ ಮೇಲೆ ಒಂದೂವರೆ ನೂರು ಕಿಲೋಮೀಟರಿಗೂ ಜಾಸ್ತಿ ಬರುತ್ತದೆ. ನಮ್ಮ ರಸ್ತೆಯಲ್ಲಿ ಲೋಡು ಹಾಕಿದರೆ ನೂರು, ನೂರಹತ್ತು. ಹೋಗುವಾಗ 13 ಯೂನಿಟ್ ಖರ್ಚು, ಖಾಲಿ ಬರುವಾಗ 9 ಅಥವಾ 10. ಕೂಡಿಸಿ ನೋಡಿ. ಒಂದೆರಡು ಯೂನಿಟ್ ಕಡಿಮೆ ಬೀಳುತ್ತದೆ. ಅಷ್ಟೇ.

ಇನ್ನೊಂದು ಕಡೆ, ಮಂಡಿಯಲ್ಲಿ ನನ್ನ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ? ಸಾಲು, ಕಾಟಾ, ಹಮಾಲಿಗಳು ಇಳಿಸುವುದು, ಚೀಟಿ, ಆಮೇಲೆ ಅಂಗಡಿಯಿಂದ ಊರಿಗೆ ಏನಾದರೂ ಸಾಮಾನು. ಕಡಿಮೆ ಅಂದರೂ ನಾಲ್ಕು ಗಂಟೆ. ಮನೆಯಲ್ಲಿ ಗ್ರೈಂಡರಿಗೆ, ಗೀಸರಿಗೆ ಹಾಕುವ 15 ಆಂಪಿಯರ್ ಪ್ಲಗ್ಗು ಗಂಟೆಗೆ ಸುಮಾರು 3 ಯೂನಿಟ್ ಕೊಡುತ್ತದೆ. ನಾಲ್ಕು ಗಂಟೆಗೆ 12. ನನಗೆ ಬೇಕಾಗಿದ್ದಕ್ಕಿಂತ ಜಾಸ್ತಿಯೇ ಆಯಿತು. ಲಕ್ಷಾಂತರ ರೂಪಾಯಿಯ ಫಾಸ್ಟ್ ಚಾರ್ಜರ್ ನಾನು ಕೇಳುತ್ತಿಲ್ಲ. ಗೋಡೆಗೆ ಒಂದು ಮೀಟರು, ಹತ್ತು ಪ್ಲಗ್ಗು, ಮೇಲೊಂದು ಶೀಟು.

ಕಾರ್ತಿಕದಲ್ಲಿ ಒಂದು ಸಂಜೆ ವಾಪಸ್ ಬರುವಾಗ ಗೊಬ್ಬರ ಹೇರಿಕೊಂಡಿದ್ದೆ. ಲೆಕ್ಕ ತಪ್ಪಿತು. ಮಂಡಗದ್ದೆ ಹತ್ತಿರ ಬರುವಾಗ ನಾಲ್ಕು ಪರ್ಸೆಂಟ್, ಗಾಡಿ ಆಮೆಯ ಚಿತ್ರ ತೋರಿಸಿ ತೆವಳಲು ಶುರುಮಾಡಿತು. ರಸ್ತೆ ಬದಿಯ ಚಿಕ್ಕ ಹೋಟೆಲ್. ಒಳಗೆ ಹೋಗಿ ಕೇಳಿದೆ. ಆ ಅಮ್ಮ ಗ್ರೈಂಡರಿನ ಪ್ಲಗ್ ಕಿತ್ತು ನನ್ನ ವೈರ್ ಹಾಕಿಸಿದರು. ಹಿಟ್ಟು ಅರ್ಧ ರುಬ್ಬಿತ್ತು. ಎರಡು ಗಂಟೆ ಅಲ್ಲೇ ಕೂತೆ. ದುಡ್ಡು ಕೊಟ್ಟರೆ ಕಾಫಿದು ಮಾತ್ರ ತೆಗೆದುಕೊಂಡರು. ನಾಳೆಯ ದೋಸೆ ಹಿಟ್ಟನ್ನು ಅವರು ರಾತ್ರಿ ಎಷ್ಟು ಹೊತ್ತಿಗೆ ರುಬ್ಬಿದರೋ. ಒಂದು ಸಾಗಾಟದ ವ್ಯವಸ್ಥೆ ಹೀಗೆ ಯಾರದೋ ಒಳ್ಳೆಯತನದ ಮೇಲೆ ನಡೆಯಬಾರದು.

ಉಳಿತಾಯ ಕೇಳುವವರಿಗೆ: ದಿನಕ್ಕೆ 125 ಕಿ.ಮೀ. ಅಂತ ಇಟ್ಟುಕೊಳ್ಳಿ. ಹಳೆ ಗಾಡಿ ಲೀಟರಿಗೆ 15 ಕೊಡುತ್ತಿತ್ತು. ಡೀಸೆಲ್ 90 ರೂಪಾಯಿ ಹಿಡಿದರೆ 750. ಈಗ ಚಾರ್ಜಿಂಗ್‌ನಲ್ಲಿ ಸೋರುವುದನ್ನೂ ಸೇರಿಸಿ 26 ಯೂನಿಟ್, 8 ರೂಪಾಯಿಯಂತೆ 208. ವರ್ಷಕ್ಕೆ 250 ದಿನ ಓಡಿದರೆ ಒಂದೂಕಾಲು ಲಕ್ಷಕ್ಕೂ ಮೇಲೆ ಉಳಿಯುತ್ತದೆ. ಕಂತು ಕಟ್ಟುವವನಿಗೆ ಅದು ದೊಡ್ಡ ಮೊತ್ತ.

ದೊಡ್ಡ ಲಾರಿಯ ವಿಷಯ ಬೇರೆ. ನಮ್ಮ ಆರು ಚಕ್ರದ್ದು ಅಡಿಕೆ ಹೇರಿಕೊಂಡು ನಾಗಪುರ, ಕಾನ್ಪುರದ ಕಡೆ ಹೋಗುತ್ತದೆ. ಅದನ್ನು ಇವತ್ತು ಬದಲಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ತೋಟದಿಂದ ಪೇಟೆಗೆ, ಡೇರಿಗೆ, ಗೋದಾಮಿಗೆ ಹೋಗಿ ರಾತ್ರಿ ಮನೆಗೇ ಬರುವ ಗಾಡಿಗಳು ಮಲೆನಾಡಲ್ಲಿ ಎಷ್ಟಿವೆ ನೋಡಿ. ಶುರು ಅಲ್ಲಿಂದ ಆಗಬೇಕು. ನೀವೆಲ್ಲ ಏನಂತೀರಿ?

ಹುಲಿಕಲ್ ಡ್ರೈವರ್:

ಅಣ್ಣ, ನಾನು 19 ವರ್ಷದಿಂದ ಘಟ್ಟದಲ್ಲಿ ಗಾಡಿ ಓಡಿಸುತ್ತಿದ್ದೇನೆ. ಆಗುಂಬೆಯ 14 ತಿರುವುಗಳಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ, ಹಾಗಾಗಿ ನಮ್ಮ ಪಾಲಿಗೆ ಹುಲಿಕಲ್ಲೇ ಗತಿ. ಲೋಡು ಹೇರಿ ಇಳಿಯುವಾಗ ಎರಡನೇ ಗೇರಿನಲ್ಲಿ ಇಟ್ಟುಕೊಂಡು, ಬ್ರೇಕ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬರಬೇಕು. ಕೆಳಗೆ ಹೊಸಂಗಡಿ ಮುಟ್ಟುವಾಗ ಲೈನರ್ ಸುಟ್ಟ ವಾಸನೆ ಕ್ಯಾಬಿನ್ ಒಳಗೆ ತುಂಬಿರುತ್ತದೆ. ಮಳೆಗಾಲದಲ್ಲಿ ಡ್ರಮ್ಮಿನಿಂದ ಹಬೆ ಏಳುವುದನ್ನು ನೋಡಿದ್ದೇನೆ. ಬ್ರೇಕ್ ಹಿಡಿಯದೆ ಜೊತೆಯವನೊಬ್ಬ ರಸ್ತೆ ಬದಿಯ ಮಣ್ಣಿನ ಧರೆಗೆ ಗುದ್ದಿ ನಿಲ್ಲಿಸಿದ್ದೂ ನನ್ನ ಕಣ್ಣೆದುರೇ ಆಯಿತು. ಅವನು ಬದುಕಿದ. ಕಾಲು ಇನ್ನೂ ಸರಿಯಾಗಿಲ್ಲ.

ನನ್ನ ಪ್ರಶ್ನೆ ದುಡ್ಡಿನದ್ದಲ್ಲ. ಎಲೆಕ್ಟ್ರಿಕ್ ಗಾಡಿ ಇಳಿಜಾರಿನಲ್ಲಿ ಹೇಗೆ ಹಿಡಿಯುತ್ತದೆ? ಅದೊಂದು ಹೇಳಿ.

ಭದ್ರಾವತಿ ಹುಡುಗಿ:

ಹುಲಿಕಲ್ ಅಣ್ಣ, ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ಈಗ ಚಾರ್ಜರ್ ಕೂರಿಸುವ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ಚೆನ್ನಾಗಿದೆ.

ಇಳಿಯುವಾಗ ಕಾಲು ತೆಗೆದರೆ ಮೋಟಾರೇ ಡೈನಮೋ ಆಗುತ್ತದೆ. ಚಕ್ರ ಅದನ್ನು ತಿರುಗಿಸಬೇಕು, ಹಾಗಾಗಿ ಗಾಡಿ ಹಿಡಿದುಕೊಳ್ಳುತ್ತದೆ. ಹುಟ್ಟಿದ ಕರೆಂಟ್ ಬ್ಯಾಟರಿಗೆ ವಾಪಸ್. ಒಂದು ಲೆಕ್ಕ ಮಾಡಿದೆ. 16 ಟನ್ ತೂಕದ ಲಾರಿ 500 ಮೀಟರ್ ಎತ್ತರ ಇಳಿದರೆ ಅದರಲ್ಲಿರುವ ಶಕ್ತಿ ಸುಮಾರು 22 ಯೂನಿಟ್. ಡೀಸೆಲ್ ಲಾರಿಯಲ್ಲಿ ಇದರಲ್ಲಿ ಹೆಚ್ಚಿನದು ನಿಮ್ಮ ಡ್ರಮ್ಮು, ಲೈನರು, ಎಂಜಿನ್ನು ಕಾಯಿಸಿಯೇ ಹೋಗುತ್ತದೆ. ನಿಮಗೆ ಬರುವ ಆ ವಾಸನೆ ಅದೇ. ಅರ್ಧ ವಾಪಸ್ ಬಂದರೂ 11 ಯೂನಿಟ್. ಹತ್ತುವಾಗ ಅದೇ ಎತ್ತರಕ್ಕೆ 25ರ ಮೇಲೆ ಬೇಕು, ಅದನ್ನೂ ಹೇಳಬೇಕು. ಇಳಿದಿದ್ದರಿಂದಲೇ ಹತ್ತಲು ಆಗುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಘಟ್ಟದ ಮೇಲಿನವರು ಖಂಡಿತ ತಿಳಿದಿರಬೇಕು. ಬ್ಯಾಟರಿ 100 ಪರ್ಸೆಂಟ್ ತುಂಬಿದ್ದರೆ ವಾಪಸ್ ಬಂದ ಕರೆಂಟಿಗೆ ಜಾಗ ಇರುವುದಿಲ್ಲ. ಆಗ ಮೋಟಾರು ಹಿಡಿಯುವುದು ತೀರಾ ಕಡಿಮೆಯಾಗುತ್ತದೆ, ಬರೀ ಬ್ರೇಕ್ ಮೇಲೆ ಇಳಿಯಬೇಕಾಗುತ್ತದೆ. ಮಾಸ್ತಿಕಟ್ಟೆಯಲ್ಲೋ ಆಗುಂಬೆಯಲ್ಲೋ ರಾತ್ರಿ ಫುಲ್ ಚಾರ್ಜ್ ಮಾಡಿ ಬೆಳಗ್ಗೆ ನೇರ ಇಳಿಯಬೇಡಿ. 85ಕ್ಕೆ ನಿಲ್ಲಿಸಿ. ಬಯಲುಸೀಮೆಯಲ್ಲಿ ತರಬೇತಿ ಕೊಡುವವರು ಇದನ್ನು ಹೇಳುವುದೇ ಇಲ್ಲ, ಅವರಿಗೆ ಘಟ್ಟ ಇಲ್ಲವಲ್ಲ.

ಹುಲಿಕಲ್ ಡ್ರೈವರ್:

ಈ 85ರ ಮಾತು ಬರೆದಿಟ್ಟುಕೊಂಡೆ ತಂಗಿ.

ಸೊರಬದ ಶುಂಠಿ:

ನಮ್ಮದು ಶುಂಠಿ, ಅನಾನಸು. ಶುಂಠಿ ಚೀಲ 60 ಕೆ.ಜಿ. ಒಂದು ಟನ್ ಅಂದರೆ 16 ಚೀಲ. 600 ಕೆ.ಜಿ. ಹೊರುವ ಎಲೆಕ್ಟ್ರಿಕ್ ಗಾಡಿ ಆದರೆ ಬರೀ 10 ಚೀಲ. ಈಗ ನಮ್ಮ ಕಡೆ ಅದೇ ಅಳತೆಯ ಡೀಸೆಲ್ ಗಾಡಿಗೆ ಎಷ್ಟು ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತು. 25 ಚೀಲ ಹಾಕಿ, ಮೇಲೆ ಇಬ್ಬರು ಆಳು ಕೂತು ಹೋಗುತ್ತಾರೆ. ಬಾಡಿಗೆ ಅದರ ಮೇಲೇ ನಿಂತಿದೆ. ಎಲೆಕ್ಟ್ರಿಕ್ ಗಾಡಿಯವರು ಬಂದು "ಅಕ್ಕ, 16 ಚೀಲಕ್ಕಿಂತ ಮೇಲೆ ಆಗಲ್ಲ" ಅಂದರೆ ನಾನು ಚೀಲಕ್ಕೆ ಎಷ್ಟು ಜಾಸ್ತಿ ಕೊಡಬೇಕು? ಶುಂಠಿ ರೇಟು ಬಿದ್ದ ವರ್ಷ ಕೀಳುವ ಕೂಲಿಯೂ ಹುಟ್ಟುವುದಿಲ್ಲ. ಇದನ್ನು ಯೋಚಿಸದೆ ಸುಮ್ನೆ ಡೀಸೆಲ್ ಉಳಿತಾಯದ ಲೆಕ್ಕ ಹೇಳಿದರೆ ರೈತರಿಗೆ ಏನು ಸಿಕ್ಕಿತು?

ತೀರ್ಥಹಳ್ಳಿ ಲಾರಿ ಮನೆ:

ಅಕ್ಕ, ನಿಮ್ಮ ಮಾತು ನಿಜ. ಮೊದಲ ತಿಂಗಳು ನಾನೂ ಒಂದೂವರೆ ಟನ್ ಹಾಕಿ ನೋಡಿದೆ. ಗಾಡಿ ಎಳೆಯಿತು, ಆದರೆ ಚಾರ್ಜು ಕಣ್ಣೆದುರೇ ಇಳಿಯಿತು. ಈಗ ತೂಕ ಮೀರುವುದಿಲ್ಲ. ಅದಕ್ಕೆ ಬದಲು ದೂರ ಕಡಿಮೆ ಇದ್ದರೆ ದಿನಕ್ಕೆ ಎರಡು ಟ್ರಿಪ್ ಹೊಡೆಯುತ್ತೇನೆ. ಖರ್ಚು ಕಡಿಮೆ ಆಗಿರುವುದರಿಂದ ಎರಡನೇ ಟ್ರಿಪ್ ನನಗೆ ಭಾರ ಅಲ್ಲ. ಚೀಲದ ಬಾಡಿಗೆ ಡೀಸೆಲ್ ಗಾಡಿಯಷ್ಟೇ ಇಟ್ಟಿದ್ದೇನೆ. ಆದರೆ ಆ ಎರಡನೇ ಟ್ರಿಪ್ ಆಗಬೇಕಾದರೆ ಇಳಿಸುವ ಜಾಗದಲ್ಲಿ ಚಾರ್ಜ್ ಸಿಗಬೇಕು. ಸುತ್ತಿ ಬಂದು ಅದೇ ಪ್ಲಗ್ಗಿಗೆ ನಿಲ್ಲುತ್ತದೆ.

ಬಂದರು ಲೈನ್ ಲಾರಿ:

ನಾನು ಮಂಗಳೂರು ಬಂದರಿನಿಂದ ಮೇಲಕ್ಕೆ ಲೋಡು ತರುವವನು. ಎಂಟು ಲಾರಿ. ನಿಮ್ಮ ಚಿಕ್ಕ ಗಾಡಿಗಳ ಲೆಕ್ಕ ಒಪ್ಪುತ್ತೇನೆ, ದೊಡ್ಡ ಗಾಡಿಯ ಬಗ್ಗೆಯೂ ಒಂದಿಷ್ಟು ಗೊತ್ತಿರಲಿ.

ಎಲೆಕ್ಟ್ರಿಕ್ ಗಾಡಿಗಳಿಗೆ ಸಹಾಯಧನ ಕೊಡುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಒಟ್ಟು 10,900 ಕೋಟಿ. ಅದರಲ್ಲಿ ಲಾರಿಗಳಿಗೆ 500 ಕೋಟಿ. 2025ರ ಜುಲೈಯಲ್ಲಿ ಲಾರಿಗಳ ನಿಯಮ ಬಂತು. ಒಂದು ಲಾರಿಗೆ ಹೆಚ್ಚೆಂದರೆ 9.6 ಲಕ್ಷ ಸಹಾಯಧನ, ದೇಶಕ್ಕೆಲ್ಲ ಸೇರಿ ಸುಮಾರು 5,600 ಲಾರಿ. ಲೋಡು ಸೇರಿ ಒಟ್ಟು ತೂಕ ಮೂರೂವರೆ ಟನ್ನಿಗಿಂತ ಮೇಲಿನ ಗಾಡಿಗೆ ಮಾತ್ರ. ಅಂದರೆ ತೀರ್ಥಹಳ್ಳಿಯವರ ಚಿಕ್ಕ ಗಾಡಿಗೆ ಅದರಲ್ಲಿ ಪಾಲಿಲ್ಲ. ಜೊತೆಗೆ ಹಳೆ ಡೀಸೆಲ್ ಲಾರಿಯನ್ನು ಗುಜರಿಗೆ ಹಾಕಿದ ಸರ್ಟಿಫಿಕೇಟ್ ಬೇಕು. ಒಂದೇ ಲಾರಿ ಇರುವವನು ಹೊಸದರ ಸಾಲ ಮಂಜೂರಾಗುವ ಮೊದಲೇ ಹಳೆಯದನ್ನು ಮುರಿಸಿದರೆ ನಡುವೆ ಊಟಕ್ಕೆ ಏನು ಮಾಡಬೇಕು? ಒಳ್ಳೆಯ ಅಂಶವೂ ಇದೆ. ಬ್ಯಾಟರಿಗೆ 5 ವರ್ಷ ಅಥವಾ 5 ಲಕ್ಷ ಕಿ.ಮೀ. ವಾರಂಟಿ ಕೊಡಲೇಬೇಕು ಅಂತ ಬರೆದಿದ್ದಾರೆ. ಬ್ಯಾಂಕಿನವರು ಸಾಲ ಕೊಡಲು ಹೆದರುವುದೇ ಬ್ಯಾಟರಿಗೆ.

ಗಾಡಿಗಳು ಮಾರುಕಟ್ಟೆಯಲ್ಲಿ ಇವೆ. ಮೊಂಟ್ರಾ ಕಂಪನಿಯ 55 ಟನ್ ಟ್ರೇಲರ್ ಎಳೆಯುವ ರೈನೋ ಲಾರಿಗೆ 282 ಯೂನಿಟ್ ಬ್ಯಾಟರಿ, ಕಂಪನಿ ಹೇಳುವ ದೂರ 198 ಕಿ.ಮೀ. ಮಂಗಳೂರಿನಿಂದ ಶಿವಮೊಗ್ಗ ಅಷ್ಟೇ ದೂರ. ಆದರೆ ನಡುವೆ ಘಟ್ಟ, ಮತ್ತು ನಮ್ಮ ಲೋಡು ಕೆಳಗಿನಿಂದ ಮೇಲಕ್ಕೆ. ಹತ್ತುವಾಗ ತುಂಬಿದ ಲಾರಿ, ಇಳಿಯುವಾಗ ಬಹಳ ಸಲ ಖಾಲಿ. ಭದ್ರಾವತಿ ತಂಗಿಯ ಲೆಕ್ಕ ನಮಗೆ ತಿರುಗುಮುರುಗು. ಬೆಲೆಯೂ ಡೀಸೆಲ್ ಲಾರಿಯ ಎರಡು ಮೂರು ಪಟ್ಟು. ಘಟ್ಟದ ಬುಡದಲ್ಲಿ ಒಂದು ದೊಡ್ಡ ಚಾರ್ಜರ್, ತಲೆಯ ಮೇಲೆ ಒಂದು ಬರುವ ತನಕ ನಾನು ಕೈ ಹಾಕುವುದಿಲ್ಲ. ಬಂದ ದಿನ ಮೊದಲ ಲಾರಿ ನನ್ನದೇ ಇರುತ್ತದೆ. ಡೀಸೆಲ್ ಬಿಲ್ಲು ನೋಡಿ ನೋಡಿ ಸಾಕಾಗಿದೆ.

ಹಳೇ ಲೈನ್‌ಮ್ಯಾನ್:

ಮಾರಾಯ್ರೇ, ಎಲ್ಲರೂ ಚಾರ್ಜರ್ ಅನ್ನುತ್ತೀರಿ, ಲೈನ್ ಬಗ್ಗೆ ಯಾರೂ ಹೇಳಲಿಲ್ಲ. ನಾನು 34 ವರ್ಷ ಕಂಬ ಹತ್ತಿದವನು.

ಹಳ್ಳಿಯ ಟ್ರಾನ್ಸ್‌ಫಾರ್ಮರ್ 25 ಕೆವಿಎ, ಸ್ವಲ್ಪ ದೊಡ್ಡ ಊರಾದರೆ 63 ಅಥವಾ 100. ಲಾರಿಗೆ ಬೇಕಾದ 60 ಕಿಲೋವ್ಯಾಟ್ ಚಾರ್ಜರ್ ಒಂದೇ 63ರ ಟ್ರಾನ್ಸ್‌ಫಾರ್ಮರನ್ನು ಪೂರ್ತಿ ನುಂಗುತ್ತದೆ. ಊರಿನ ಮನೆಗಳಿಗೆ ಏನು ಕೊಡುವುದು? ಆದರೆ ತೀರ್ಥಹಳ್ಳಿಯವರು ಕೇಳುವ 3 ಕಿಲೋವ್ಯಾಟಿನ ಹತ್ತು ಪ್ಲಗ್ಗು ಬೇರೆ ವಿಷಯ. 30 ಕಿಲೋವ್ಯಾಟ್. ಪೇಟೆಯ ಮಂಡಿಯಲ್ಲಿ ಅದು ಏನೂ ಕಷ್ಟ ಇಲ್ಲ. ಮೂರು ಫೇಸಿಗೂ ಸಮ ಹಂಚಿ, ಅರ್ಥಿಂಗ್ ಸರಿ ಮಾಡಬೇಕು. ಅರ್ಥಿಂಗ್ ಬಗ್ಗೆ ಮಾತ್ರ ಕಟ್ಟುನಿಟ್ಟು ಇರಲಿ. ಒದ್ದೆ ನೆಲದಲ್ಲಿ ಹಮಾಲಿಗಳು ಬರಿಗಾಲಲ್ಲಿ ಓಡಾಡುತ್ತಾರೆ. ಪ್ರತಿ ಪ್ಲಗ್ಗಿಗೂ ಸೋರಿಕೆ ಆದ ಕೂಡಲೇ ಕರೆಂಟ್ ಕಡಿಯುವ ಬ್ರೇಕರ್ ಬೇಕೇ ಬೇಕು.

ಮಳೆಗಾಲ ಮರೆಯಬೇಡಿ. ಪುನರ್ವಸು, ಪುಷ್ಯ ಮಳೆಯಲ್ಲಿ 11 ಕೆವಿ ಲೈನಿನ ಮೇಲೆ ಮರ ಬಿದ್ದರೆ ಕಾಡಿನೊಳಗೆ ಹುಡುಕಿ ಸರಿಮಾಡಲು ಎರಡು ದಿನ, ಕೆಲವು ಸಲ ನಾಲ್ಕು ದಿನ. ಹೊಸನಗರ, ಆಗುಂಬೆ ಕಡೆಯವರಿಗೆ ಇದು ಹೊಸದಲ್ಲ. ಆ ದಿನಗಳಲ್ಲಿ ಮನೆಯಲ್ಲಿ ಚಾರ್ಜ್ ಇಲ್ಲ. ಪೇಟೆಯ ಮಂಡಿಯಲ್ಲಿ ಕರೆಂಟ್ ಇರುತ್ತದೆ. ಅದಕ್ಕೂ ಮಂಡಿಯ ಪ್ಲಗ್ಗೇ ಬೇಕು. ಒಂದು ಸಮಾಧಾನ ಅಂದರೆ ಅಡಿಕೆ ಸುಗ್ಗಿ ಮಳೆ ನಿಂತ ಮೇಲೆ.

ಕರೂರು ಸೀಮೆ:

ನಾವು ಶರಾವತಿ ಹಿನ್ನೀರಿನ ಆಚೆ ದಡದವರು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅಜ್ಜನ ಮನೆ, ತೋಟ ಎರಡೂ ಒಳಗೆ ಹೋದವು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅಪ್ಪ ಕರೆದುಕೊಂಡು ಹೋಗಿ ಬಾವಿಕಟ್ಟೆಯ ಕಲ್ಲು ತೋರಿಸುತ್ತಿದ್ದರು. ಆ ನೀರಿನಿಂದ 1,035 ಮೆಗಾವ್ಯಾಟ್ ಶರಾವತಿ ವಿದ್ಯುದಾಗಾರ ನಡೆಯುತ್ತದೆ. ನಮ್ಮ ಮನೆಗೆ ಕರೆಂಟ್ ಬಂದಿದ್ದು ಎಷ್ಟೋ ವರ್ಷ ಆದ ಮೇಲೆ.

2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತು. ಅದಕ್ಕೂ ಮೊದಲು ಅಡಿಕೆ ಗಾಡಿ ಹಿನ್ನೀರು ದಾಟಿಸುವ ಲಾಂಚ್‌ಗೆ ಕಾಯಬೇಕಿತ್ತು, ತಪ್ಪಿದರೆ ಊರೆಲ್ಲ ಸುತ್ತಿ ಸಾಗರ ಸೇರಬೇಕಿತ್ತು. ಈಗ ತುಮರಿಯಿಂದ ಸಾಗರಕ್ಕೆ ಹೋಗಿ ಬರುವುದು ಒಂದು ಚಾರ್ಜಿನ ದೂರ. ಇದೇ ಸಮಯ. ನಮ್ಮ ಮನೆ ಮುಳುಗಿಸಿ ಹುಟ್ಟಿದ ಕರೆಂಟಿನಲ್ಲಿ ನಮ್ಮ ಅಡಿಕೆ ಪೇಟೆಗೆ ಹೋಗಲಿ. ಅಷ್ಟಾದರೂ ನಮಗೆ ಸಲ್ಲಬೇಕು. ಸಾಗರದ ಮಂಡಿಯನ್ನೂ ನಿಮ್ಮ ಪಟ್ಟಿಗೆ ಸೇರಿಸಿ.

ಭದ್ರಾವತಿ ಹುಡುಗಿ:

ಕರೂರಿನ ಅಣ್ಣ, ನಿಮ್ಮ ಮಾತು ಓದಿ ಗಂಟಲು ಕಟ್ಟಿತು. ಆದರೂ ಕರೆಂಟಿನ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಲೈನಿನಲ್ಲಿ ಶರಾವತಿಯ ನೀರೂ ಇದೆ, ರಾಯಚೂರಿನ ಕಲ್ಲಿದ್ದಲೂ ಇದೆ, ಪಾವಗಡದ ಬಿಸಿಲೂ ಇದೆ. ಬೇರೆ ಮಾಡಿ ತೆಗೆಯಲು ಆಗುವುದಿಲ್ಲ. ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ತೀರ್ಥಹಳ್ಳಿಯವರ 26 ಯೂನಿಟ್‌ಗೆ 18 ಕೆ.ಜಿ. ಡೀಸೆಲ್ ಲೀಟರಿಗೆ 2.7 ಕೆ.ಜಿ. ಹತ್ತಿರ, ಅವರ 8 ಲೀಟರಿಗೆ 22. ವ್ಯತ್ಯಾಸ ಇದೆ, ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಪೇಟೆಯ ಗಲ್ಲಿಯಲ್ಲಿ ಹೊಗೆ ಇಲ್ಲ ಎಂಬುದು ಬೇರೆ ಲಾಭ, ಅದು ಪೂರ್ತಿ ಸಿಗುತ್ತದೆ.

ವ್ಯತ್ಯಾಸ ದೊಡ್ಡದಾಗುವುದು ಹಗಲು ಚಾರ್ಜ್ ಮಾಡಿದಾಗ. ಬಿಸಿಲಿದ್ದ ಹೊತ್ತು ಸೋಲಾರ್ ಜಾಸ್ತಿ, ರಾತ್ರಿ ಕಲ್ಲಿದ್ದಲು ಜಾಸ್ತಿ. ಮಂಡಿಗೆ ಗಾಡಿ ಬರುವುದು ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಒಂದೂವರೆ. ಸರಿಯಾಗಿ ಬಿಸಿಲಿನ ಹೊತ್ತು! ಮಂಡಿಯ ಶೆಡ್ಡುಗಳ ತಗಡಿನ ಮೇಲೆ ಎಷ್ಟು ಜಾಗ ಖಾಲಿ ಬಿದ್ದಿದೆ ಒಮ್ಮೆ ಕತ್ತೆತ್ತಿ ನೋಡಿ.

ಆಟೋ ಕಾಂಪ್ಲೆಕ್ಸ್ ಮೆಕ್ಯಾನಿಕ್:

ಎರಡು ದಿನದಿಂದ ಓದುತ್ತಾ ಇದ್ದೆ. ಬರೆಯೋದೋ ಬೇಡವೋ ಅಂತ. ನನ್ನ ಗ್ಯಾರೇಜಿನಲ್ಲಿ ಐದು ಜನ ಇದ್ದೇವೆ. ಡೀಸೆಲ್ ಪಂಪು, ಕ್ಲಚ್ ಪ್ಲೇಟು, ಬ್ರೇಕ್ ಲೈನರು, ಇವೇ ನಮ್ಮ ಅನ್ನ.

ಹೋದ ತಿಂಗಳು ಒಂದು ಎಲೆಕ್ಟ್ರಿಕ್ ಗೂಡ್ಸ್ ಗಾಡಿ ಬಂತು, 30 ಸಾವಿರ ಕಿ.ಮೀ. ಓಡಿದ್ದು. ಚಕ್ರ ಬಿಚ್ಚಿ ನೋಡಿದೆ. ಲೈನರ್ ಹೊಸದರ ಹಾಗೇ ಇತ್ತು. ಉಗುರಿನಿಂದ ಕೆರೆದು ನೋಡಿದೆ, ನಂಬಿಕೆ ಬರಲಿಲ್ಲ. ಟೈರ್ ಮಾತ್ರ ಬೇಗ ಸವೆದಿತ್ತು, ಸಸ್ಪೆನ್ಷನ್ ಬುಷ್ ಹೋಗಿತ್ತು. ಅದು ನನಗೆ ಸಿಕ್ಕ ಕೆಲಸ. ಅದರಾಚೆ ಕಿತ್ತಳೆ ಬಣ್ಣದ ದಪ್ಪ ಕೇಬಲ್. ಅದನ್ನು ಮುಟ್ಟಲಿಲ್ಲ. ಆ ಬಣ್ಣದ ಒಳಗೆ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ ಅಂತ ಗೊತ್ತು, ಬಿಚ್ಚುವ ಕ್ರಮ ಗೊತ್ತಿಲ್ಲ. ಓನರ್ ಗಾಡಿಯನ್ನು ಬೇರೆ ಊರಿನ ಸರ್ವಿಸ್ ಸೆಂಟರಿಗೆ ಎತ್ತಿಸಿಕೊಂಡು ಹೋದರು. ಒಂಬತ್ತು ದಿನ ನಿಂತಿತ್ತಂತೆ.

ಗಾಡಿ ಬದಲಾಗುತ್ತದೆ, ಅದನ್ನು ತಡೆಯಲು ಬರೆದಿಲ್ಲ. ನನ್ನ ಹುಡುಗರಿಗೆ ಕಲಿಸಿ. ಪಾಲಿಟೆಕ್ನಿಕ್‌ನಲ್ಲಿ ಸಂಜೆ ಎರಡು ಗಂಟೆ ಕ್ಲಾಸ್ ಇಟ್ಟರೆ ಐದೂ ಜನ ಬರುತ್ತೇವೆ. ಹತ್ತನೇ ಕ್ಲಾಸ್ ಪಾಸಾಗದವರನ್ನೂ ಸೇರಿಸಿಕೊಳ್ಳಬೇಕು. ನಮ್ಮಲ್ಲಿ ಕೈ ಚುರುಕಾಗಿರುವ ಹುಡುಗ ಎಂಟನೇ ಕ್ಲಾಸು.

ತೀರ್ಥಹಳ್ಳಿ ಲಾರಿ ಮನೆ:

ಅಣ್ಣ, ನೀವು ಬರೆದಿದ್ದು ಬಹಳ ಒಳ್ಳೆಯದಾಯಿತು. ನನ್ನ ತಲೆಯಲ್ಲಿ ಪ್ಲಗ್ಗು ಮಾತ್ರ ಇತ್ತು. ಗಾಡಿ ಒಂಬತ್ತು ದಿನ ನಿಂತರೆ ನನ್ನ ಉಳಿತಾಯದ ಲೆಕ್ಕ ಅಲ್ಲಿಗೇ ಮುಗಿಯಿತು.

ಎಲ್ಲರ ಮಾತು ಸೇರಿಸಿ ಅರ್ಜಿ ಬರೆದಿದ್ದೇನೆ. ಶಿವಮೊಗ್ಗ, ಸಾಗರ ಎರಡೂ ಮಂಡಿಗೆ ಹತ್ತು ಹತ್ತು ಪ್ಲಗ್ಗು, ಪ್ರತಿಯೊಂದಕ್ಕೂ ಸೋರಿಕೆ ಬ್ರೇಕರ್, ಬಳಸಿದ ಯೂನಿಟ್‌ಗೆ ನಾವೇ ದುಡ್ಡು ಕಟ್ಟುತ್ತೇವೆ. ಎರಡನೆಯದು ಮೆಕ್ಯಾನಿಕ್‌ಗಳಿಗೆ ಸಂಜೆ ಕ್ಲಾಸು, ಓದಿನ ಷರತ್ತು ಇಲ್ಲದೆ. ಶೆಡ್ಡಿನ ಮೇಲೆ ಸೋಲಾರ್ ಮೂರನೆಯದು. ಘಟ್ಟದ ಬುಡಕ್ಕೂ ತಲೆಗೂ ದೊಡ್ಡ ಚಾರ್ಜರ್ ಕೇಳುವ ಅರ್ಜಿ ಬೇರೆ ಬರೆಯೋಣ, ಬಂದರು ಲೈನಿನವರು ಅದಕ್ಕೆ ಲೆಕ್ಕ ಕೊಡಿ.

ಹಾಲಿನ ಗಾಡಿ ಓಡಿಸುವವರು ಯಾರೂ ಇಲ್ಲಿ ಬರೆಯಲಿಲ್ಲ. ದಿನಾ ಅದೇ ಹಳ್ಳಿ, ಅದೇ ಡೇರಿ, ಅದೇ ದೂರ. ಅವರ ಗಾಡಿಗೆ ಇದು ನಮಗಿಂತ ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ. ಗೊತ್ತಿರುವವರಿಗೆ ತಿಳಿಸಿ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಶಿವಮೊಗ್ಗ ಮಂಡಿಯ ಕಾಟಾ ಹತ್ತಿರ ಇರುತ್ತೇನೆ. ಬರುವವರು ಒಂದು ಚೀಟಿಯಲ್ಲಿ ಮೂರು ವಿಷಯ ಬರೆದು ತನ್ನಿ: ಗಾಡಿ ಯಾವ ಊರಿನಿಂದ ಬರುತ್ತದೆ, ಎಷ್ಟು ತೂಕ, ಮಂಡಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ. ಡೀಸೆಲ್ ಗಾಡಿಯವರೂ ಬರೆಯಿರಿ.

ಸೊರಬದ ಶುಂಠಿ:

ನಮ್ಮ ಊರಿನ ನಾಲ್ಕು ಗಾಡಿಯವರ ಚೀಟಿ ನಾನೇ ಬರೆಸಿ ಕಳಿಸುತ್ತೇನೆ. ಒಂದಂತೂ ಐದು ಗಂಟೆ ನಿಲ್ಲುತ್ತದೆ.